ಎಲೆ ತಿರುಗಿಸುವ ಕೈ, ದಿಗಿಣ ಹಾಕುವ ಕಾಲು

ನಮ್ಮ ಕಡೆ ಇಸ್ಪೀಟು ಎಲೆಗೆ ಒಳ್ಳೆಯ ಹೆಸರಿಲ್ಲ. ಪುತ್ತೂರು, ಸುಳ್ಯ, ಕಡಬದ ಸುದ್ದಿಗಳಲ್ಲಿ ಅದು ಕಾಣಿಸಿಕೊಳ್ಳುವುದು ತೋಟದ ಮರೆಯಲ್ಲೋ ಗುಡ್ಡದ ಬದಿಯಲ್ಲೋ ಉಲಾಯಿ-ಪಿದಾಯಿ ಆಡುತ್ತಿದ್ದವರ ಮೇಲೆ ಪೊಲೀಸರು ದಾಳಿ ಮಾಡಿದಾಗ. ವಶಪಡಿಸಿಕೊಂಡ ಸೊತ್ತಿನ ಪಟ್ಟಿಯಲ್ಲಿ ನಗದಿನ ನಂತರದ ಜಾಗ ಐವತ್ತೆರಡು ಎಲೆಗಳದ್ದು. ಜೂಜು ಹರಾಮ್ ಆದ್ದರಿಂದ ಮುಸ್ಲಿಂ ಮನೆಗಳಲ್ಲಂತೂ ಎಲೆಯ ಕಟ್ಟು ಹೊಸಿಲು ದಾಟುವುದೇ ಕಷ್ಟ. ಹೀಗಿರುವಾಗ ಹದಿನಾರು ಹದಿನೇಳರ ಹುಡುಗನೊಬ್ಬ ಜಗಲಿಯಲ್ಲಿ ಕುಳಿತು, ಎದುರಿಗೆ ಮೊಬೈಲು ನಿಲ್ಲಿಸಿಕೊಂಡು, ಒಂದೇ ಕೈಯಲ್ಲಿ ಕಟ್ಟನ್ನು ಎರಡು ಮಾಡಿ, ಮೂರು ಮಾಡಿ, ಬೀಸಣಿಗೆಯಂತೆ ಬಿಚ್ಚಿ ಮತ್ತೆ ಮುಚ್ಚುತ್ತಿದ್ದರೆ ಉಮ್ಮನಿಗೆ ಮೊದಲು ಬರುವ ಸಂಶಯ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಹುಡುಗ ಜೂಜಾಡುತ್ತಿಲ್ಲ. ಅವನು ಕಲಿಯುತ್ತಿರುವುದಕ್ಕೆ ಹೊರದೇಶಗಳಲ್ಲಿ ಕಾರ್ಡಿಸ್ಟ್ರಿ ಎಂಬ ಹೆಸರಿದೆ. ಅದು ಎಲೆಯಾಟವೂ ಅಲ್ಲ, ಜಾದೂವೂ ಅಲ್ಲ. ಜಾದೂಗಾರ ತನ್ನ ಕೈಚಳಕವನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟಷ್ಟೂ ಅವನು ಗೆದ್ದಂತೆ. ಇಲ್ಲಿ ಕೈಚಳಕವನ್ನೇ ಬೆಳಕಿಗೆ ಹಿಡಿಯುತ್ತಾರೆ. ಪಣವಿಲ್ಲ, ಗೆಲ್ಲುವವರಿಲ್ಲ, ಸೋಲುವವರಿಲ್ಲ. ಎಲೆಗಳು ಬೆರಳುಗಳ ನಡುವೆ ಕವಲೊಡೆಯುತ್ತವೆ, ಸುತ್ತುತ್ತವೆ, ಗಾಳಿಯಲ್ಲಿ ಹಾರಿ ಇನ್ನೊಂದು ಕೈಗೆ ಬರುತ್ತವೆ, ಕೊನೆಗೆ ಏನೂ ಆಗದಂತೆ ಒಂದೇ ಕಟ್ಟಾಗಿ ಕೂರುತ್ತವೆ. ಅಷ್ಟೇ. ಈ ‘ಅಷ್ಟೇ’ಯಲ್ಲಿ ಸ್ವಂತದ್ದೆನ್ನುವುದು ಏನಾದರೂ ಇದೆಯೇ ಎಂಬುದು ನಮ್ಮ ಈ ಬರಹದ ಪ್ರಶ್ನೆ. ಇದನ್ನು ಕೇಳುವಾಗ ನಮ್ಮ ಕಣ್ಣ ಮುಂದೆ ಎಲೆಯ ಹುಡುಗರ ಜತೆ ಇನ್ನೂ ಕೆಲವರು ಇದ್ದಾರೆ: ದಿಗಿಣದ ತುಣುಕುಗಳನ್ನು ನೋಡಿ ಕುಣಿತ ಕಲಿಯುವವರು, ದಫ್ ಸ್ಪರ್ಧೆಯ ವೀಡಿಯೊ ನೋಡಿ ತಂಡ ಕಟ್ಟುವವರು. ಮೊಬೈಲು ಇಂದು ಇವರೆಲ್ಲರಿಗೂ ಉಸ್ತಾದ್ ಆಗಿ ಕೂತಿದೆ.

ಮೊದಲು ಎಲೆಯ ವಿಷಯ ಮುಗಿಸೋಣ. ಒಂದೇ ಕೈಯಲ್ಲಿ ಕಟ್ಟನ್ನು ಎರಡಾಗಿ ಒಡೆದು ಮೇಲಿನದನ್ನು ಕೆಳಗೆ ತರುವ ‘ಚಾರ್ಲಿಯರ್’ ಎಂಬ ವರಸೆ ಹತ್ತೊಂಬತ್ತನೇ ಶತಮಾನದಷ್ಟು ಹಳೆಯದು. ಇಂದು ಯಾರೂ ಅದನ್ನು ತನ್ನದೆಂದು ಹೇಳುವುದಿಲ್ಲ. ಅ ಆ ಇ ಈ ಯಾರದ್ದೆಂದು ಕೇಳುವವರುಂಟೇ? ಆಮೇಲೆ ಬಂದವುಗಳಿಗೆ ಒಡೆಯರಿದ್ದಾರೆ. ಕಟ್ಟನ್ನು ಎರಡೂ ಕೈಗಳ ಬೆರಳುಗಳ ನಡುವೆ ಐದು ಪಾಲಾಗಿ ಅರಳಿಸುವ ‘ಸಿಬಿಲ್’ ಕ್ರಿಸ್ ಕೆನರ್ ಎಂಬ ಅಮೆರಿಕದ ಜಾದೂಗಾರನದು. 1992ರ ಅವನ ಪುಸ್ತಕದಲ್ಲಿ ಅದರ ವಿವರಣೆಯಿದೆ. ಕ್ಯಾಲಿಫೋರ್ನಿಯಾದ ಅವಳಿ ಸಹೋದರರಾದ ಡ್ಯಾನ್ ಮತ್ತು ಡೇವ್ ಬಕ್ ಅದರ ಮೇಲೆ ಮಹಡಿಯ ಮೇಲೆ ಮಹಡಿ ಎಬ್ಬಿಸಿದರು. 2004ರಲ್ಲಿ, ಮತ್ತೆ 2007ರಲ್ಲಿ ಅವರು ಹೊರತಂದ ಡಿವಿಡಿಗಳನ್ನು ನೋಡಿ ಒಂದು ತಲೆಮಾರು ಬೆರಳು ತಿರುಗಿಸಲು ಕಲಿಯಿತು. ಯೂಟ್ಯೂಬ್ ಬಂದ ನಂತರ ಸಿಂಗಾಪುರದ ‘ದ ವರ್ಟ್ಸ್’ ತಂಡದ ಹುಡುಗರು ಇದಕ್ಕೆ ಬೇರೆಯೇ ಬಣ್ಣ ಕೊಟ್ಟರು. ಅಂದರೆ ಮೂವತ್ತು ವರ್ಷಗಳ ಈ ಚಿಕ್ಕ ಕಲೆಗೂ ವಂಶಾವಳಿಯಿದೆ, ಘರಾಣೆಗಳಿವೆ. ಯಾವ ವರಸೆ ಯಾರಿಂದ ಬಂತೆಂದು ಹೇಳದಿದ್ದರೆ ಅಲ್ಲಿನವರು ಮುಖ ಗಂಟಿಕ್ಕುತ್ತಾರೆ. ಈ ಒಂದು ಮರ್ಯಾದೆ ಮಾತ್ರ ವೀಡಿಯೊಗಳ ಜತೆಗೆ ನಮ್ಮೂರ ತನಕ ಬಂದಿಲ್ಲ.

ಬಂದಿರುವುದು ಅಚ್ಚು. ನಮ್ಮ ಹುಡುಗರು ಮಾಡಿದ ವೀಡಿಯೊಗಳನ್ನು ನೋಡಿ: ಮುಖ ಕಾಣದು, ಎರಡು ಕೈ ಮಾತ್ರ. ಕಪ್ಪು ಅಂಗಿ, ಮಬ್ಬು ಬೆಳಕು, ಹಿಂದೆ ನಿಧಾನದ ಒಂದು ಇಂಗ್ಲಿಷ್ ಹಾಡು. ವರಸೆಗಳು ಬರುವ ಕ್ರಮ ಕೂಡ ಕಲಿಸಿದ ವೀಡಿಯೊದಲ್ಲಿದ್ದ ಕ್ರಮವೇ. ಆ ಕೈ ಕುಂಬ್ರದ್ದೋ ಬೆಳ್ಳಾರೆಯದ್ದೋ ಮನಿಲಾದ್ದೋ ಹೇಳಲು ಬರುವುದಿಲ್ಲ. ಇದರ ಹಿಂದೆ ಶ್ರಮವಿಲ್ಲವೆಂದಲ್ಲ. ಐದು ಪಾಲು ಬಿಚ್ಚುವಾಗ ಎಲೆ ಚೆಲ್ಲಿ, ಬಾಗಿ ಹೆಕ್ಕಿ, ಮತ್ತೆ ಚೆಲ್ಲಿ, ಬೆರಳ ಸಂದು ನೋಯುವಷ್ಟು ದುಡಿದ ಮೇಲೆ ಆ ಇಪ್ಪತ್ತು ಸೆಕೆಂಡು ಸಿಗುತ್ತದೆ. ಆದರೆ ಶ್ರಮ ಬೇರೆ, ಸ್ವಂತಿಕೆ ಬೇರೆ. ಕಷ್ಟವಾದದ್ದನ್ನು ಮಾಡಿದ ಮಾತ್ರಕ್ಕೆ ಅದರಲ್ಲಿ ನಾವು ಇದ್ದೇವೆ ಎಂದಾಗುವುದಿಲ್ಲ.

ಒಂದು ಸಣ್ಣ ಸಂಗತಿ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ನಮ್ಮಲ್ಲಿ ಆಟಿಯ ಮಳೆ ಹಿಡಿದರೆ ಹಪ್ಪಳ ಮೆತ್ತಗಾಗುವಂತೆ ಎಲೆಯೂ ತಂಪು ಕುಡಿದು ದಪ್ಪವಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಬೀಸಣಿಗೆ ಸಮನಾಗಿ ಬಿಚ್ಚುವುದಿಲ್ಲ. ವೀಡಿಯೊದಲ್ಲಿ ಹೊಸ ಎಲೆಯಿಂದ ಬಂದ ವೇಗ ಸುಳ್ಯದ ಜಗಲಿಯಲ್ಲಿ ಬರುವುದಿಲ್ಲ. ಇಂಥ ಎಲೆ ಹಿಡಿದವನು ಎರಡರಲ್ಲೊಂದು ಮಾಡಬೇಕು: ಬಿಸಿಲು ಬರುವ ತನಕ ಕಾಯಬೇಕು, ಇಲ್ಲವೇ ಆ ಅಂಟಿಗೆ ಒಪ್ಪುವ ನಿಧಾನದ ವರಸೆಯೊಂದನ್ನು ಕಂಡುಕೊಳ್ಳಬೇಕು. ಎರಡನೆಯದು ಮಾಡಿದವನನ್ನು ನಾವಿನ್ನೂ ನೋಡಿಲ್ಲ. ನೋಡಿದರೆ ಅವನೇ ನಮ್ಮ ಊರಿನ ಮೊದಲ ಎಲೆ ಕಲಾವಿದ ಎನ್ನಲು ನಮಗೆ ಅಡ್ಡಿಯಿಲ್ಲ.

ಹಾಗೆಂದು ಅನುಕರಣೆಯನ್ನೇ ಹಳಿಯಲು ಹೊರಟಿಲ್ಲ. ಉರ್ದು ಶಾಯರಿಯನ್ನು ಒಂದಿಷ್ಟು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ತರಹೀ ಮುಶಾಯರಾ ಎಂಬ ಪದ್ಧತಿಯಿದೆ. ಒಂದು ಸಾಲನ್ನು ಮೊದಲೇ ಕೊಟ್ಟುಬಿಡುತ್ತಾರೆ. ಬಂದ ಕವಿಗಳೆಲ್ಲ ಅದೇ ಛಂದಸ್ಸು, ಅದೇ ಪ್ರಾಸ, ಅದೇ ಅಂತ್ಯಪದ ಹಿಡಿದು ಗಜಲ್ ಬರೆದು ತರಬೇಕು. ಈ ಚೌಕಟ್ಟಿಗೆ ‘ಜಮೀನ್’ ಎನ್ನುತ್ತಾರೆ. ಜಮೀನು ಎಲ್ಲರಿಗೂ ಒಂದೇ, ಬೆಳೆ ಅವರವರದು. ಮತ್ತೊಬ್ಬರ ಜಮೀನಿನಲ್ಲಿ ಗಜಲ್ ಹೇಳುವುದನ್ನು ಉರ್ದು ಲೋಕ ಎಂದೂ ಕಳ್ಳತನ ಎಂದಿಲ್ಲ. ಹಳೆಯ ಉಸ್ತಾದರ ಜಮೀನಿನಲ್ಲಿ ಉಳುವುದು ಗೌರವವೂ ಹೌದು, ಸವಾಲೂ ಹೌದು. ಕಳ್ಳತನಕ್ಕೆ ಅಲ್ಲಿ ಬೇರೆ ಪದವಿದೆ: ಸರ್ಕಾ. ಇನ್ನೊಬ್ಬರ ಭಾವವನ್ನೇ ಎತ್ತಿಕೊಂಡು ತನ್ನದೆನ್ನುವುದು. ಇವೆರಡರ ನಡುವೆ ಮೂರನೆಯ ಪದವೊಂದಿದೆ, ಅದು ನಮಗೆ ಬಹಳ ಪ್ರಿಯ: ತವಾರುದ್. ಒಬ್ಬರನ್ನೊಬ್ಬರು ನೋಡದೆ, ಕೇಳದೆ ಇಬ್ಬರು ಕವಿಗಳಿಗೆ ಒಂದೇ ಸಾಲು ಹೊಳೆಯುವುದು. ಈ ತವಾರುದನ್ನು ಹಿಡಿದುಕೊಂಡು ಗಾಲಿಬ್ ಪಾರ್ಸಿಯಲ್ಲಿ ತಮಾಷೆಯನ್ನೂ ಮಾಡಿದ್ದಾನೆ, ಹಿಂದಿನವರೇ ತನ್ನ ಸರಕನ್ನು ಮೊದಲೇ ಕದ್ದೊಯ್ದಿದ್ದಾರೆ ಎಂಬ ಧಾಟಿಯಲ್ಲಿ!

ಎಲೆಯ ಲೋಕಕ್ಕೂ ಈ ಮೂರು ಪದ ಸಾಕು. ಬೆರಳು ಐದೇ, ಎಲೆ ಐವತ್ತೆರಡೇ. ಪುತ್ತೂರಿನಲ್ಲೂ ಸ್ಟಾಕ್‌ಹೋಮಿನಲ್ಲೂ ಒಂದೇ ವರಸೆ ಹುಟ್ಟಿದರೆ ಅದು ತವಾರುದ್. ಸಿಬಿಲ್ ಹಿಡಿದು ಅದರ ಮೇಲೆ ತನ್ನದೊಂದು ಕಟ್ಟಿದರೆ ಅದು ಜಮೀನು. ಬಕ್ ಸಹೋದರರು ಮಾಡಿದ್ದು ಅದನ್ನೇ. ಮೂರನೆಯದರ ವಿವರಣೆ ಬೇಡ.

ನಾವು ಕತೆ ಬರೆಯುವವರು ಈ ಜಮೀನಿನ ಕಷ್ಟವನ್ನು ಚೆನ್ನಾಗಿ ಬಲ್ಲೆವು. ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿಯನ್ನು ಕಟ್ಟಿದ ಮೇಲೆ ಪುತ್ತೂರು ಕಡೆಯಿಂದ ಯಾರೇ ಮುಸ್ಲಿಂ ಮನೆಯ ಕತೆ ಬರೆದರೂ ಓದುಗರು ಮೊದಲು ಹುಡುಕುವುದು ಬೊಳುವಾರರ ನೆರಳನ್ನು. ಮಸೀದಿ, ಮುಕ್ರಿ, ಬೀಡಿ ಎಲೆ, ಗಲ್ಫಿಗೆ ಹೋದ ಮಗ, ಇವೆಲ್ಲ ಅವರ ಖಾಸಗಿ ಸೊತ್ತೇನಲ್ಲ, ನಮ್ಮೆಲ್ಲರ ನೆರೆಹೊರೆ. ಆದರೂ ಮೊದಲು ಉತ್ತವರ ಗೆರೆ ನೆಲದಲ್ಲಿ ಉಳಿಯುತ್ತದೆ. ಇರಲಿ, ಇದು ನಮ್ಮ ಗೋಳು.

ಈಗ ನಮ್ಮೂರಿನದೇ ತಿರುಗುವ ಕಲೆಗೆ ಬರೋಣ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷದವರು ಹಾಕುವ ದಿಗಿಣ ನೋಡದವರು ಇಲ್ಲಿ ಯಾರೂ ಇರಲಾರರು. ಮೈಯನ್ನು ಓರೆ ಮಾಡಿ, ಕಾಲನ್ನು ನೆಲದಿಂದ ಚಿಮ್ಮಿಸಿ, ಗಾಳಿಯಲ್ಲಿ ಸುತ್ತುತ್ತಾ ರಂಗಸ್ಥಳಕ್ಕೆ ಸುತ್ತು ಬರುವ ಆ ಕುಣಿತಕ್ಕೆ ಪುತ್ತೂರಿನ ಹೆಸರು ಅಂಟಿಕೊಂಡದ್ದು ಪುತ್ತೂರು ಶ್ರೀಧರ ಭಂಡಾರಿಯವರಿಂದ. ಧರ್ಮಸ್ಥಳ ಮೇಳದಲ್ಲಿ ದೀರ್ಘಕಾಲ ಕುಣಿದವರು. ಅಭಿಮನ್ಯು, ಬಭ್ರುವಾಹನನಂಥ ಪಾತ್ರಗಳಿಗೆ ಹೆಸರಾದವರು. 2021ರಲ್ಲಿ ತೀರಿಕೊಂಡರು. ಜನ ಅವರಿಗೆ ಇಟ್ಟ ಹೆಸರು ‘ಸಿಡಿಲಮರಿ’.

ಈ ಹೆಸರನ್ನು ಸ್ವಲ್ಪ ಗಮನಿಸಬೇಕು. ದಿಗಿಣವನ್ನು ಭಂಡಾರಿಯವರು ಕಂಡುಹಿಡಿದದ್ದಲ್ಲ. ಅವರಿಗಿಂತ ಮೊದಲೂ ಹಾಕಿದವರಿದ್ದರು, ಅವರ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಅದು ಎಲ್ಲರ ಜಮೀನು. ಜನ ಅವರನ್ನು ಬುಗುರಿ ಎನ್ನಲಿಲ್ಲ, ಗಾಣ ಎನ್ನಲಿಲ್ಲ, ಸಿಡಿಲು ಎಂದರು. ಎಷ್ಟು ಸುತ್ತು ಎಂಬುದಕ್ಕಿಂತ ಯಾವ ಗಳಿಗೆಯಲ್ಲಿ ಬಂದು ಬಿತ್ತು ಎಂಬುದು ಸಿಡಿಲಿನ ಗುಣ. ನೋಡುವವನು ಸಿದ್ಧವಾಗುವ ಮೊದಲೇ ಬರುವುದು. ಹಳ್ಳಿಯ ಪ್ರೇಕ್ಷಕರು ವಿಮರ್ಶೆ ಬರೆಯುವುದಿಲ್ಲ; ಆದರೆ ಅವರು ಇಟ್ಟ ಅಡ್ಡಹೆಸರಿನಲ್ಲಿ ಒಂದು ವಿಮರ್ಶೆ ಅಡಗಿರುತ್ತದೆ. ಭಂಡಾರಿಯವರ ಸ್ವಂತಿಕೆ ಎಲ್ಲಿತ್ತೆಂದು ಅವರು ಒಂದೇ ಪದದಲ್ಲಿ ಹೇಳಿ ಮುಗಿಸಿದ್ದಾರೆ.

ಇನ್ನೊಂದು ಮಾತು. ಒಂದೇ ದಿಗಿಣ ಬೇರೆ ಬೇರೆ ಪ್ರಸಂಗಗಳಲ್ಲಿ ಬೇರೆ ಬೇರೆ ಮಾತಾಡುತ್ತದೆ. ಚಕ್ರವ್ಯೂಹದ ಅಭಿಮನ್ಯು ಒಳಗೆ ಹೋಗಲು ಬಲ್ಲ, ಹೊರಗೆ ಬರಲು ಅರಿಯ. ವ್ಯೂಹವೇ ಒಂದು ಸುತ್ತು; ಅದರೊಳಗೆ ಹುಡುಗನೂ ಸುತ್ತುತ್ತಿದ್ದಾನೆ. ಅವನ ಉತ್ಸಾಹ ಹೆಚ್ಚಿದಷ್ಟೂ ನೋಡುವವರ ಎದೆ ಕುಸಿಯಬೇಕು, ಯಾಕೆಂದರೆ ಕೊನೆ ಏನೆಂದು ಬಯಲಿನಲ್ಲಿ ಕೂತ ಮಗುವಿಗೂ ಗೊತ್ತು. ಬಭ್ರುವಾಹನನ ಸುತ್ತು ಬೇರೆ. ಮಗನೆಂದು ಒಪ್ಪದೆ ಹೀಗಳೆದ ಅಪ್ಪನ ಎದುರು ನಿಂತವನ ಸಿಟ್ಟು ಅದು. ದೇವಿಮಹಾತ್ಮೆಯ ಚಂಡಮುಂಡರದ್ದು ಬರೀ ಮದ. ಹೆಜ್ಜೆ ಒಂದೇ, ಚೆಂಡೆಯ ಪೆಟ್ಟೂ ಹೆಚ್ಚುಕಡಿಮೆ ಅದೇ, ಅರ್ಥ ಮೂರು. ಈ ಮೂರನ್ನು ಕಾಲಿನಲ್ಲಿ ಬೇರೆ ಮಾಡಿ ತೋರಿಸಬಲ್ಲವನನ್ನು ಕಲಾವಿದನೆಂದು ಕರೆಯೋಣ. ಮೂರನ್ನೂ ಒಂದೇ ಥರ ಹಾಕುವವನು, ನೂರು ಹಾಕಿದರೂ, ವ್ಯಾಯಾಮಪಟು.

ಈಗ ಮೊಬೈಲಿಗೆ ಬರುವ ತುಣುಕನ್ನು ನೋಡಿ. ಟಿಕ್‌ಟಾಕ್ ಇದ್ದಾಗಲೂ ಹೀಗೆಯೇ ಇತ್ತು. 2020ರಲ್ಲಿ ಅದು ನಿಷೇಧವಾಗಿ ರೀಲ್ಸ್ ಬಂದ ಮೇಲೂ ಹೀಗೆಯೇ ಇದೆ. ಮೂವತ್ತು ಸೆಕೆಂಡು. ಮೊದಲ ಸುತ್ತಿನಿಂದಲೇ ಆರಂಭ, ಕೊನೆಯ ಸುತ್ತು ಮುಗಿಯುವ ಮೊದಲೇ ಕತ್ತರಿ. ಭಾಗವತರು ಯಾವ ಪದ ಹೇಳಿದ ಮೇಲೆ ಈ ಹುಡುಗ ಎದ್ದ? ಎದುರು ಯಾರು ನಿಂತಿದ್ದರು? ತಿಳಿಯದು. ತಲೆಬರಹದಲ್ಲಿ ಇರುವುದು ಎಷ್ಟು ದಿಗಿಣ ಎಂಬ ಲೆಕ್ಕ. ಎಳೆಯ ಕಲಾವಿದರು ಆ ಲೆಕ್ಕವನ್ನೇ ನಂಬಿ, ಅಭಿಮನ್ಯುವಿಗೂ ಚಂಡನಿಗೂ ಒಂದೇ ಎಣಿಕೆ ಇಟ್ಟುಕೊಳ್ಳುತ್ತಿದ್ದಾರೆ. ಬಯಲಿನಲ್ಲಿ ಕೂತವರೂ ಮೊಬೈಲು ಎತ್ತಿ ಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಾರೆ. ಎಣಿಸುವ ಪ್ರೇಕ್ಷಕನ ಎದುರು ಯಾವ ಕಲಾವಿದನೂ ಬಹಳ ಹೊತ್ತು ಕಲಾವಿದನಾಗಿ ಉಳಿಯುವುದು ಕಷ್ಟ.

ಎಲೆಯ ವೀಡಿಯೊಗಳ ಕೊರತೆ ನಮಗೆ ಸ್ಪಷ್ಟವಾಗುವುದು ಇಲ್ಲಿಯೇ. ದಿಗಿಣಕ್ಕೆ ಹಿಂದೆ ಒಂದು ಪ್ರಸಂಗವಿದೆ, ತುಣುಕು ಅದನ್ನು ಕತ್ತರಿಸುತ್ತದೆ. ಎಲೆಗೆ ಕತ್ತರಿಸಲು ಪ್ರಸಂಗವೇ ಇಲ್ಲ. ಅದು ಹುಟ್ಟಿದ್ದೇ ತುಣುಕಾಗಿ. ಹಾಗಾಗಿ ಅಲ್ಲಿ ಸ್ವಂತದ ಮಾತು ಹೇಳಬೇಕಾದವನಿಗೆ ಹೆಚ್ಚಿನ ಕಷ್ಟವಿದೆ. ಯಾವ ವರಸೆಯ ನಂತರ ಯಾವುದು, ಎಲ್ಲಿ ತಡೆಯಬೇಕು, ಎಲ್ಲಿ ಒಂದು ಎಲೆಯನ್ನು ಮಾತ್ರ ಹೊರಗೆ ನಿಲ್ಲಿಸಿ ಕಟ್ಟನ್ನು ಮರೆಸಬೇಕು, ಇದನ್ನೆಲ್ಲ ಅವನೇ ಪ್ರಸಂಗಕರ್ತನಾಗಿ ಬರೆದುಕೊಳ್ಳಬೇಕು. ವರ್ಟ್ಸ್ ತಂಡದ ಒಳ್ಳೆಯ ವೀಡಿಯೊಗಳಲ್ಲಿ ಇದು ಕಾಣುತ್ತದೆ. ನಡುನಡುವೆ ಕೈ ಸುಮ್ಮನಿರುತ್ತದೆ. ನಮ್ಮವರಲ್ಲಿ ಸುಮ್ಮನಿರುವ ಕೈ ಕಾಣಸಿಗುವುದಿಲ್ಲ.

ಮಾತಿನ ಕಲೆಯಲ್ಲಿ ನಮ್ಮವರು ಇದನ್ನು ಬಹಳ ಹಿಂದೆಯೇ ಸಾಧಿಸಿದ್ದಾರೆ ಎಂಬುದು ಸೋಜಿಗ. ತಾಳಮದ್ದಳೆಯಲ್ಲಿ ಪದ ಕವಿಯದು, ರಾಗ ಭಾಗವತರದು, ಕತೆ ಪುರಾಣದ್ದು. ಅರ್ಥಧಾರಿಗೆ ಉಳಿಯುವುದು ಅರ್ಥ ಮಾತ್ರ, ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಬಪ್ಪಬ್ಯಾರಿಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಬಪ್ಪನಾಡು ಕ್ಷೇತ್ರದ ಕತೆಯ ಆ ಮುಸ್ಲಿಂ ವರ್ತಕನನ್ನು ಶೇಣಿಯವರು ನಗೆಗೀಡು ಮಾಡಬಹುದಿತ್ತು. ರಂಗದ ಮೇಲೆ ಬ್ಯಾರಿ ಬಂದರೆ ನಗಿಸಲೆಂದೇ ಎಂಬ ರೂಢಿ ನಮ್ಮಲ್ಲಿ ಹೊಸದೇನಲ್ಲ. ಅವರು ಆ ಪಾತ್ರಕ್ಕೆ ಘನತೆ ತುಂಬಿದರು. ಅದೇ ಪ್ರಸಂಗ, ಅದೇ ಪದ. ತುಂಬಿದ್ದು ಅವರು. ಇತ್ತ ಸಂಪಾಜೆಯ ಜಬ್ಬಾರ್ ಸಮೊ ಅರ್ಥಧಾರಿಯಾಗಿ ಕೂತು ಪುರಾಣದ ಪಾತ್ರಗಳಿಗೆ ಮಾತು ಕೊಡುತ್ತಿರುವುದನ್ನು ಈ ಕಡೆಯವರೆಲ್ಲ ಬಲ್ಲರು. ಅವರನ್ನು ಹೊಗಳುವವರು ‘ಮುಸ್ಲಿಮನಾಗಿಯೂ’ ಎಂದು ಶುರು ಮಾಡುವುದು ನಮಗೆ ಅಷ್ಟು ಹಿಡಿಸದು. ಅರ್ಥಗಾರಿಕೆಯ ಬೆಲೆ ಅರ್ಥದಲ್ಲೇ ಇರಬೇಕು. ಎದುರಾಳಿ ಎಸೆದ ಪ್ರಶ್ನೆಗೆ ಆ ಕ್ಷಣದಲ್ಲಿ ಏನು ಹೇಳಿದರು ಎಂಬುದಷ್ಟೇ ಅಲ್ಲಿ ಮುಖ್ಯ.

ಸ್ವಂತಿಕೆ ಹೆಚ್ಚಾಯಿತೆಂಬ ದೂರೂ ಇದೇ ಪುತ್ತೂರಿನ ನಂಟಿನದು. ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರೇ ಮುಂದೆ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್ ತಂದು ಮಾತನ್ನು ಕಡಿಮೆ ಮಾಡಿದಾಗ ಇದು ಯಕ್ಷಗಾನವಲ್ಲ, ಕಾರಂತರ ಆಟ ಎಂದವರಿದ್ದರು. ಕಾರಂತರು ಕೇಳುವ ಜೀವವಲ್ಲ. ಅವರ ಎಲ್ಲ ತೀರ್ಮಾನಗಳೂ ನಮಗೆ ಒಪ್ಪಿಗೆಯೆಂದಲ್ಲ. ಮಾತಿಲ್ಲದ ಯಕ್ಷಗಾನ ನಮಗೆ ಉಪ್ಪು ಹಾಕದ ಸಾರಿನಂತೆ. ಆದರೆ ಅದರಲ್ಲಿ ಯಾರ ಕೈ ಇದೆಯೆಂದು ಯಾರೂ ಕೇಳಬೇಕಾಗಿರಲಿಲ್ಲ.

ಎಲ್ಲ ಕಲೆಯೂ ಒಬ್ಬನ ಸ್ವಂತದ ಮಾತಾಗಬೇಕೆಂದು ಹಟ ಹಿಡಿಯುವುದೂ ತಪ್ಪು. ದಫ್ ತೆಗೆದುಕೊಳ್ಳಿ. ಆಡಿನ ಚರ್ಮ ಬಿಗಿದ ಆ ವಾದ್ಯ ಹಿಡಿದು ಹತ್ತು ಹನ್ನೆರಡು ಮಂದಿ ಬೈತ್ ಹಾಡುತ್ತಾ ಬಾಗಿ, ಏಳುವಾಗ ಅಲ್ಲಿ ಒಬ್ಬ ಎದ್ದು ಕಂಡರೆ ಅದೇ ದೋಷ. ಹತ್ತು ಕೈ ಒಂದೇ ಪೆಟ್ಟು. ಅಲ್ಲಿ ತಾನು ಕಾಣದಿರುವುದೇ ಅಭಿವ್ಯಕ್ತಿ. ಹಾಗಾದರೆ ದಫ್ ತಂಡಗಳ ಬಗ್ಗೆ ನಮಗೆ ತಕರಾರಿಲ್ಲವೇ? ಇದೆ. ಗಡಿಯಾಚೆ ಕೇರಳದ ಶಾಲಾ ಕಲೋತ್ಸವದಲ್ಲಿ ದಫ್‌ಮುಟ್ಟು, ಕೋಲ್ಕಳಿ, ಒಪ್ಪನಗಳು ಸ್ಪರ್ಧೆಯ ವಿಷಯಗಳು. ಸ್ಪರ್ಧೆಯೆಂದ ಮೇಲೆ ತೀರ್ಪುಗಾರರಿದ್ದಾರೆ, ಅಂಕಗಳಿವೆ, ಅಂಕ ತರುವ ಚಲನೆಗಳಿವೆ. ಆ ವೀಡಿಯೊಗಳು ಸುಳ್ಯ, ಪುತ್ತೂರಿನ ತಂಡಗಳಿಗೆ ಪಠ್ಯಪುಸ್ತಕವಾಗಿವೆ. ತಂಡದೊಳಗೆ ಒಬ್ಬನಂತೆ ಇನ್ನೊಬ್ಬನಿರುವುದು ಸರಿ. ಅರಂತೋಡಿನ ತಂಡದಂತೆಯೇ ಉಪ್ಪಿನಂಗಡಿಯ ತಂಡ, ಅದರಂತೆಯೇ ಮಲಪ್ಪುರಂನ ತಂಡ ಇರಬೇಕೇ? ಒಂದೊಂದು ಜಮಾಅತಿನ ಹಿರಿಯರ ಬಳಿ ಒಂದೊಂದು ಧಾಟಿಯಿತ್ತು. ಕೆಲವು ನಿಧಾನ, ಕೆಲವು ಗಡುಸು. ಅವನ್ನು ಬಲ್ಲವರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಮೊಬೈಲು ಹಿಡಿದ ಹುಡುಗರು ಇವರ ಎದುರು ಒಂದು ಸಂಜೆ ಕೂತರೆ ಕಲೋತ್ಸವದ ಹತ್ತು ವೀಡಿಯೊ ಕೊಡದ್ದು ಸಿಕ್ಕೀತು.

ಎಲೆಯ ಹುಡುಗನಿಗೆ ಹೀಗೆ ಕೂರಲು ಊರಲ್ಲಿ ಹಿರಿಯರಿಲ್ಲ, ನಿಜ. ಅವನಿಗೆ ವೀಡಿಯೊ ಬಿಟ್ಟರೆ ಗತಿಯಿಲ್ಲ. ಹಾಗಾಗಿ ಅವನಿಗೆ ಹೇಳುವುದು ಇಷ್ಟು: ಕಲಿತ ವರಸೆಯ ಒಡೆಯನ ಹೆಸರನ್ನು ವೀಡಿಯೊದ ಕೆಳಗೆ ಕನ್ನಡದಲ್ಲೇ ಬರೆಯಲಿ. ಹಾಡನ್ನು ತೆಗೆದುಬಿಡಲಿ, ಎಲೆಗೆ ತನ್ನದೇ ಸದ್ದಿದೆ, ಮಳೆಗಾಲದ ಎಲೆಗೆ ಇನ್ನೊಂದು ಸದ್ದು. ಕಪ್ಪು ಬಟ್ಟೆಯ ಹಿನ್ನೆಲೆ ಬೇಡ, ಮನೆಯ ಜಗಲಿ ಕಾಣಲಿ, ಸಾಧ್ಯವಾದರೆ ಮುಖವೂ ಕಾಣಲಿ. ಎಲೆ ಚೆಲ್ಲಿದ ಒಂದು ಗಳಿಗೆಯನ್ನು ಕತ್ತರಿಸದೆ ಬಿಟ್ಟರೂ ಅಡ್ಡಿಯಿಲ್ಲ. ಉಮ್ಮನಿಗೂ ಕೂರಿಸಿ ತೋರಿಸಲಿ, ಪಣವಿಲ್ಲವೆಂದು ಮನದಟ್ಟಾಗುವ ತನಕ.

ಯಕ್ಷಗಾನದ ತುಣುಕು ಹಂಚುವವರಲ್ಲಿಯೂ ಒಂದು ಕೋರಿಕೆಯಿದೆ. ದಿಗಿಣಕ್ಕೆ ಎರಡು ನಿಮಿಷ ಮೊದಲೇ ಮೊಬೈಲು ಎತ್ತಿ, ಮುಗಿದ ಮೇಲೂ ಎರಡು ನಿಮಿಷ ಹಿಡಿದಿರಿ. ಭಾಗವತರ ಪದ ಕೇಳಲಿ, ವೇಷಧಾರಿ ಏದುಸಿರು ಬಿಡುತ್ತಾ ಎದುರಾಳಿಯ ಮುಖ ನೋಡುವುದು ಕಾಣಲಿ. ಕೆಳಗೆ ಪ್ರಸಂಗದ ಹೆಸರು, ಮೇಳದ ಹೆಸರು, ಭಾಗವತರ ಹೆಸರು, ಚೆಂಡೆ ಮದ್ದಳೆಯವರ ಹೆಸರು ಇರಲಿ. ಎಷ್ಟು ಸುತ್ತು ಎಂಬುದನ್ನು ಬರೆಯಬೇಡಿ.